ತೊಗರಿ ಹೊಲಕ್ಕೆ ಬಿದ್ದ ಚೆಂಡು

ಹೋದ ತಿಂಗಳು ನಮ್ಮ ಶಾಲೆಗೆ ಒಂದು ಪಾರ್ಸಲ್ ಬಂತು. ಹುಮನಾಬಾದಿನ ಈ ಶಾಲೆಯಲ್ಲಿ ನಾನು ಪಿಟಿ ಮೇಡಂ. ನನ್ನ ಹೆಸರಿಗೆ ಬರುವ ಪಾರ್ಸಲ್ಲೆಂದರೆ ಸೀಟಿ, ಸ್ಕಿಪ್ಪಿಂಗ್ ಹಗ್ಗ, ಹೆಚ್ಚೆಂದರೆ ಒಂದು ವಾಲಿಬಾಲ್ ನೆಟ್ಟು. ಇದು ನನ್ನ ಎದೆಮಟ್ಟದ ಡಬ್ಬ. ಬಿಚ್ಚಿದರೆ ಒಳಗೆ ಕಬ್ಬಿಣದ ಕಂಬ, ಅದಕ್ಕೊಂದು ಅಡ್ಡ ತೋಳು, ತೋಳಿನ ತುದಿಯಲ್ಲಿ ರಬ್ಬರ್ ಹಗ್ಗಕ್ಕೆ ಕಟ್ಟಿದ ಚೆಂಡು. ಬೇಸ್‌ಬಾಲ್ ಆಡುವವರಿಗೆ ಬ್ಯಾಟು ಬೀಸುವುದನ್ನು ಕಲಿಸುವ ಸಾಧನವಂತೆ. ಜೊತೆಗೆ ಚಿತ್ರಗಳಿದ್ದ ಒಂದು ಹಾಳೆ. ಮೊದಲ ಚಿತ್ರದಲ್ಲಿ ಹುಡುಗಿ ಬ್ಯಾಟನ್ನು ಮೇಲಿಂದ ಕೆಳಗೆ ಬೀಸಿದ್ದಾಳೆ, ಚೆಂಡು ತೋಳಿಗೆ ಸುತ್ತಿಕೊಂಡಿದೆ. ಅದರ ಮೇಲೆ ಕೆಂಪು ಗೀಟು. ಎರಡನೆಯದರಲ್ಲಿ ಅಡ್ಡಕ್ಕೆ ಬೀಸಿದ್ದಾಳೆ, ಚೆಂಡು ನೆಟ್ಟಗೆ ಹೋಗಿ ನೆಟ್ಟಗೆ ತಿರುಗಿ ಬಂದಿದೆ. ಅದಕ್ಕೆ ಹಸಿರು ಗೀಟು.

ಹಾಳೆ ಹಿಡಿದು ನಿಂತೇ ಬಿಟ್ಟೆ. ಈ ಎರಡು ಚಿತ್ರಗಳ ಪಾಠವನ್ನು ಓದುಬರಹ ಬಾರದ ಒಬ್ಬ ಕುರಿಗಾರ ನನಗೆ ಎಂದೋ ಕಲಿಸಿದ್ದ. ಅವನು ನನ್ನ ಅಪ್ಪ.

ನಮ್ಮದು ಬಸವಕಲ್ಯಾಣ ತಾಲೂಕು, ಮಂಠಾಳದ ಬದಿಯ ಹಳ್ಳಿ. ಅಂಥ ಊರಿಗೆ ಬೇಸ್‌ಬಾಲ್ ಹೇಗೆ ಬಂತೆಂದು ನೀವು ಕೇಳುವುದು ಸಹಜ. ಅದನ್ನು ತಂದವರು ನಮ್ಮ ಹೈಸ್ಕೂಲಿನ ಪಿಟಿ ಸರ್. ಆ ಆಟವನ್ನು ಅವರೂ ಕಣ್ಣಾರೆ ಕಂಡವರಲ್ಲ. ಎಲ್ಲೋ ಎರಡು ದಿನದ ತರಬೇತಿಗೆ ಹೋಗಿ ಒಂದು ಬ್ಯಾಟು, ಎರಡು ಚೆಂಡು ತಂದಿದ್ದರು. ಅವರ ಲೆಕ್ಕಾಚಾರ ಸರಳವಾಗಿತ್ತು. "ಕ್ರಿಕೆಟ್ ಆಡೋರು ಊರೂರಿಗೂ ಅದಾರ. ಇದರಾಗ ಆಡೋರೇ ಇಲ್ಲ. ನಾವು ಸೋತ್ರೂ ಎರಡನೇ ನಂಬರ್ ನಮ್ದೇ!" ಎನ್ನುತ್ತಿದ್ದರು. ಇಂಥ ಧೈರ್ಯ ತುಂಬುವ ಗುರುಗಳು ಎಲ್ಲರಿಗೂ ಸಿಗುವುದಿಲ್ಲ.

ನನ್ನ ಕೈಯಲ್ಲಿ ಬಲವಿತ್ತು, ಬೀಸು ಮಾತ್ರ ಕೆಟ್ಟದಾಗಿತ್ತು. ಪ್ರತಿ ಚಳಿಗಾಲ ಅವ್ವನ ಜೊತೆ ಕಣಕ್ಕೆ ಹೋಗಿ ಬಡಿಗೆಯಿಂದ ತೊಗರಿ ಬಡಿದು ಬಂದವಳು ನಾನು. ಕೈಗೆ ಕೋಲು ಬಂದರೆ ಸಾಕು, ಅದು ತಾನಾಗಿ ತಲೆಯ ಮೇಲೆ ಏರಿ ನೆಲಕ್ಕೆ ಇಳಿಯುತ್ತಿತ್ತು. ಸರ್ ನನ್ನ ಕಂಕುಳಲ್ಲಿ ಪುಸ್ತಕ ಇಟ್ಟು ನೋಡಿದರು, ಮೊಣಕೈಗೆ ಕರ್ಚೀಫು ಕಟ್ಟಿ ನೋಡಿದರು. ಪುಸ್ತಕ ಬಿತ್ತು, ಕರ್ಚೀಫು ಹರಿಯಿತು, ಬ್ಯಾಟು ಮಾತ್ರ ಮೇಲಿಂದ ಕೆಳಕ್ಕೇ ಬಂತು. "ತಂಗಿ, ಅದು ಚಂಡದ, ತೊಗರಿ ಅಲ್ಲ. ಬಡೀಬ್ಯಾಡ, ಬೀಸು," ಎಂದು ಕೂಗಿ ಕೂಗಿ ಅವರ ಗಂಟಲು ಬಿತ್ತು. ಒಂದು ದಿನ ನನ್ನ ಹೊಡೆತಕ್ಕೆ ಚೆಂಡಿನ ಹೊಲಿಗೆಯೇ ಬಿಚ್ಚಿಕೊಂಡಿತು.

ಹೆದರಿ ಅದನ್ನು ದಪ್ತರದ ಚೀಲದಲ್ಲಿಟ್ಟು ಮನೆಗೆ ತಂದೆ. ಅಪ್ಪ ಕಟ್ಟೆಯ ಮೇಲೆ ಕೂತು ತೊಗಲನ್ನು ಬಿಡಿಸಿದ. ಒಳಗೆ ಸುತ್ತು ಸುತ್ತಾಗಿ ನೂಲು. ಬೆರಳಿನಲ್ಲಿ ಉಜ್ಜಿದ, ಮೂಸಿದ. ಅವನ ಮುಖ ಅರಳಿತು.

"ಅರೇ! ಇದು ಉಣ್ಣಿ ಅದಲ್ಲ! ನಮ್ ಕುರೀ ಉಣ್ಣಿನೇ ಸುತ್ಯಾರ ನೋಡು!"

ಆವತ್ತಿನಿಂದ ಅಪ್ಪನ ಪಾಲಿಗೆ ಬೇಸ್‌ಬಾಲ್ ಪರದೇಶದ ಆಟವಾಗಿ ಉಳಿಯಲಿಲ್ಲ. ಕುರಿಯ ಉಣ್ಣೆ ಒಳಗಿದೆ ಎಂದ ಮೇಲೆ ಅದು ಮನೆಯದೇ ಆಟ. ನೂಲನ್ನು ಮತ್ತೆ ಬಿಗಿಯಾಗಿ ಸುತ್ತಿ, ದಬ್ಬಣದಲ್ಲಿ ಹೊಲಿದು ಕೊಟ್ಟ. ಅಷ್ಟಕ್ಕೇ ಬಿಡದೆ ತಾನೇ ನೂತ ಉಣ್ಣೆಯಿಂದ ಇನ್ನೊಂದು ಚೆಂಡು ಮಾಡಿ, ಮನೆ ಮುಂದಿನ ಬೇವಿನ ಕೊಂಬೆಗೆ ಹಗ್ಗದಲ್ಲಿ ಇಳಿಬಿಟ್ಟ. ಅದರ ಹಿಂದೆ ಎರಡು ಗೂಟಕ್ಕೆ ಕಂಬಳಿ ಕಟ್ಟಿ, ಕಂಬಳಿಯ ನಡುವೆ ಟಗರಿನ ಕೊರಳಗಂಟೆ ಹೊಲಿದ. ಮೊದಲ ದಿನ ನಾನು ಹೊಡೆದಾಗ ಚೆಂಡು ಎಗರಿ ಕೊಂಬೆಗೆ ಸುತ್ತಿಕೊಂಡಿತು. ಎರಡನೆಯ ಸಲವೂ ಅಷ್ಟೇ. ಅಪ್ಪ ಕುಕ್ಕರುಗಾಲಲ್ಲಿ ಕೂತು ಸುಮ್ಮನೆ ನೋಡಿದ. ಸಂಜೆ ಹೊತ್ತಿಗೆ ಅವನಿಗೆ ವಿಷಯ ತಿಳಿದಿತ್ತು.

"ನೆಟ್ಟಗ ಹೊಡದ್ರ ನೆಟ್ಟಗ ಹೋಗಿ ನಿನ್ ಕಡೀನೇ ಬರ್ತದ. ಬಡದ್ರ ಗಿಡಾ ಸುತ್ತತದ. ಕುರಿನೂ ಹಂಗೇ ಅವ್ವಾ."

ದಿನಾ ಸಂಜೆ ಹಗ್ಗವನ್ನು ಒಂದು ಗೇಣು ಏರಿಸಿ, ಒಂದು ಗೇಣು ಇಳಿಸಿ ಆಡಿಸುತ್ತಿದ್ದ. ಬೀಸು ಸರಿಯಿದ್ದರೆ ಚೆಂಡು ಕಂಬಳಿಗೆ ತಾಗಿ ಗಂಟೆ ಬಾರಿಸುತ್ತಿತ್ತು, ಇಲ್ಲದಿದ್ದರೆ ಇಲ್ಲ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ, "ಗಂಟಿ ಕೇಳ್ಲಿಲ್ಲಂದ್ರ ರೊಟ್ಟಿ ಇಲ್ಲ ನೋಡು," ಎಂದು ಹೆದರಿಸುತ್ತಿದ್ದಳು. ಬೇರೆ ಕುರಿಗಾರರು ಆಗಲೇ ಮಂದೆ ಹೊಡೆದುಕೊಂಡು ಹೊರಟಿದ್ದರು. ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಹಾಕಿಸಿಕೊಳ್ಳಲು ಚಿಟಗುಪ್ಪದ ಕಡೆಯ ರೈತರು ಎರಡು ಸಲ ಹೇಳಿಕಳಿಸಿದರು. "ಇನ್ನ ಎಂಟ್ ದಿನ ತಡೀರಿ, ಮಗಳ ಆಟ ಅದ," ಎಂದು ಅಪ್ಪ ಹೇಳಿಕಳಿಸಿದ. ಆಟವಲ್ಲ, ಬರೀ ಆಯ್ಕೆ. ಜಿಲ್ಲಾ ತಂಡಕ್ಕೆ ಹುಡುಗಿಯರನ್ನು ಹುಮನಾಬಾದಿನ ಮೈದಾನದಲ್ಲಿ ಆರಿಸುವವರಿದ್ದರು.

ಆಯ್ಕೆಯ ದಿನ ಅಪ್ಪ ಮಂದೆಯನ್ನು ಕಾಕಾನಿಗೆ ಒಪ್ಪಿಸಿ, ಕಂಬಳಿ ಹೆಗಲಿಗೇರಿಸಿ, ನನ್ನ ಜೊತೆ ಬಸ್ಸು ಹತ್ತಿದ. ಒಬ್ಬೊಬ್ಬರಿಗೆ ಮೂರು ಚೆಂಡು. ಯಾರ ಹೊಡೆತ ಎಲ್ಲಿ ಬೀಳುತ್ತದೋ ಅಲ್ಲಿ ಒಬ್ಬ ಮೇಷ್ಟ್ರು ಹೋಗಿ ದೂರ ಅಳೆಯಲು ಝಂಡಾ ಊರುತ್ತಿದ್ದರು. ನನ್ನ ಮೊದಲ ಎರಡೂ ತೊಗರಿ ಬಡಿತ; ಚೆಂಡು ಕಾಲ ಬುಡದಲ್ಲೇ ಬಿತ್ತು. ಮೂರನೆಯದಕ್ಕೆ ಕಣ್ಣ ಮುಂದೆ ಬೇವಿನ ಕೊಂಬೆ ಬಂತು, ಗಂಟೆ ಬಂತು. ಅಡ್ಡಕ್ಕೆ ಬೀಸಿದೆ. ಚೆಂಡು ಮೈದಾನ ದಾಟಿ ಪಕ್ಕದ ತೊಗರಿ ಹೊಲಕ್ಕೆ ಹೋಯಿತು. ಅಷ್ಟು ಹಗುರಾದ ಹೊಡೆತ ನನ್ನ ಕೈಗೆ ಅದುವರೆಗೆ ಗೊತ್ತಿರಲಿಲ್ಲ.

ಈಗ ಒಂದು ಮಾತು. ತನ್ನದೊಂದು ಇನ್ನೊಬ್ಬರ ಬೆಳೆಗೆ ನುಗ್ಗಿದ್ದು ಕಂಡರೆ ಕುರಿಗಾರ ಕೂತಿರಲಾರ. ಹೊಲದವನು ನೋಡುವ ಮೊದಲೇ ಓಡಿಹೋಗಿ ಹೊರಗೆ ತರಬೇಕು. ಅದು ಯೋಚಿಸಿ ಮಾಡುವ ಕೆಲಸವಲ್ಲ. ಅಪ್ಪ ಓಡಿದ. ಝಂಡಾ ಹಿಡಿದ ಮೇಷ್ಟ್ರು ಬದು ಮುಟ್ಟುವುದರೊಳಗೆ ತೊಗರಿಯಲ್ಲಿ ನುಗ್ಗಿ, ಚೆಂಡು ಹುಡುಕಿ, ಮೈದಾನದ ನಟ್ಟನಡುವೆ ನಡೆದು ಬಂದು ನನ್ನ ಕೈಗಿಟ್ಟ.

"ತಗೊಂಡ್ ಬಂದೀನವ್ವ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಚೆಂಡು ಎಲ್ಲಿ ಬಿತ್ತೆಂದು ಯಾರೂ ನೋಡಿರಲಿಲ್ಲ. ಆರಿಸುವವರು ತಮ್ಮತಮ್ಮಲ್ಲೇ ಮಾತಾಡಿ, "ಇದು ಲೆಕ್ಕಕ್ಕಿಲ್ಲ, ಮತ್ತ ಹೊಡೀಲಿ," ಎಂದರು. ಮತ್ತೆ ಹೊಡೆದೆ. ಸುತ್ತಲಿನ ನಗು ಇನ್ನೂ ನಿಂತಿರಲಿಲ್ಲ. ತೊಗರಿ ಬಡಿದೆ. ನನ್ನ ಹೆಸರು ಬರಲಿಲ್ಲ.

ಬಸವಕಲ್ಯಾಣದ ತನಕ ಬಸ್ಸಿನಲ್ಲಿ ನಾನು ಅಪ್ಪನ ಜೊತೆ ಮಾತಾಡಲಿಲ್ಲ. ಅವನು ಒಮ್ಮೆ ಶೇಂಗಾ ಪೊಟ್ಟಣ ಚಾಚಿದ. ನಾನು ಕಿಟಕಿ ಕಡೆ ತಿರುಗಿದೆ. ಅವನಿಂದಲೇ ಕೆಟ್ಟಿತೆಂದು ಹೇಳಲಿಲ್ಲ, ಅಷ್ಟರ ಮಟ್ಟಿಗೆ ನಾನು ಒಳ್ಳೆಯ ಮಗಳೆಂದು ನನ್ನನ್ನು ನಾನೇ ಮೆಚ್ಚಿಕೊಂಡೆ. ಮರುವರ್ಷವೂ ಅಪ್ಪ ಚೆಂಡು ಕಟ್ಟಿದ, ಹಗ್ಗ ಏರಿಸಿದ, ಇಳಿಸಿದ. ಆಯ್ಕೆಯ ದಿನ ಮಾತ್ರ, "ಕುರಿ ಬಿಟ್ಟು ಹ್ಯಾಂಗ ಬರ್ಲಿ ಅವ್ವಾ, ನೀ ಹೋಗಿ ಬಾ," ಎಂದ. ನಾನು ಒತ್ತಾಯ ಮಾಡಲಿಲ್ಲ. ಒಳಗೊಳಗೇ ಹಗುರಾಯಿತು, ಅದನ್ನು ಈಗ ಒಪ್ಪಿಕೊಳ್ಳುತ್ತೇನೆ. ಆ ವರ್ಷ ಆಯ್ಕೆಯಾದೆ. ಕಾಲೇಜಿಗೆ ಆಡಿದೆ, ಯೂನಿವರ್ಸಿಟಿಗೆ ಆಡಿದೆ, ಆ ಸರ್ಟಿಫಿಕೇಟುಗಳ ಬಲದಿಂದಲೇ ಈ ಕೆಲಸ ಸಿಕ್ಕಿತು. ಅಪ್ಪ ನನ್ನ ಒಂದೂ ಆಟ ನೋಡಲಿಲ್ಲ. ಪ್ರತಿ ಸಲವೂ ಕುರಿಗಳದ್ದೇ ನೆಪ.

ಪಾರ್ಸಲ್ ಬಂದ ಸಂಜೆ ಫೋನು ಮಾಡಿದೆ. ಅಪ್ಪ ಈಗ ಅಣ್ಣನ ಮನೆಯಲ್ಲಿದ್ದಾನೆ. ಮಂದೆಯನ್ನು ಅಣ್ಣ ನೋಡಿಕೊಳ್ಳುತ್ತಾನೆ.

"ಅಪ್ಪಾ, ನೀ ಗಿಡಕ್ಕ ಚಂಡು ಕಟ್ಟಿದ್ದಿಯಲ್ಲ, ಅದು ಈಗ ಮಷೀನ್ ಆಗಿ ಬಂದದ. ನೋಡಾಕ ಬಾ."

"ಬ್ಯಾಡವ್ವ."

"ಯಾಕ? ಈಗ ಕುರಿ ಅಣ್ಣ ನೋಡಾಕತ್ತಾನಲ್ಲ?"

ಅಪ್ಪ ದನಿ ತಗ್ಗಿಸಿ ಹೇಳಿದ: "ಮತ್ತ ಚಂಡಿನ ಹಿಂದ ಓಡಿಬಿಟ್ರ? ಅವತ್ತ ನನ್ನಿಂದ ನಿನ್ ನಂಬರ್ ತಪ್ತು. ಝಂಡಾದ ಮೇಷ್ಟ್ರು ಹೇಳಿದ್ರು ನನಗ. ಬಸ್ಸಿನ್ಯಾಗ ನಿನಗ ಹೇಳ್ಬೇಕಂದೆ, ಬಾಯಿ ಬರ್ಲಿಲ್ಲ."

ಇಷ್ಟು ವರ್ಷ ನಾನು ಅವನಿಂದ ಮುಚ್ಚಿಟ್ಟಿದ್ದೇನೆಂದುಕೊಂಡದ್ದನ್ನು ಅವನು ನನಗಿಂತ ಮೊದಲೇ ಹೊತ್ತುಕೊಂಡು ತಿರುಗಿದ್ದ. ಫೋನು ಹಿಡಿದೇ ಅತ್ತೆ. ಅತ್ತು ಬೈದೆ. ಬೈದು, ಬರದಿದ್ದರೆ ಮಾತು ಬಿಡುತ್ತೇನೆಂದೆ. ಮಾತು ಬಿಡುವುದರಲ್ಲಿ ನನ್ನ ಪಳಗಿದ ಕೈಯನ್ನು ಅವನು ಬಸ್ಸಿನಲ್ಲಿ ನೋಡಿದ್ದನಲ್ಲ, ಶನಿವಾರವೇ ಬಂದ.

ಸಾಧನವನ್ನು ಸುತ್ತು ಹಾಕಿ ನೋಡಿ, "ಎಲ್ಲಾ ಬರಾಬರ್ ಅದ, ಗಂಟಿ ಒಂದಿಲ್ಲ," ಎಂದು ತೀರ್ಪು ಕೊಟ್ಟ. ಜೇಬಿನಿಂದ ಆ ಹಳೆಯ ಗಂಟೆ ತೆಗೆದು ನನ್ನ ಕೈಗೆ ಕೊಟ್ಟು, ಮರದ ಕೆಳಗಿನ ಕುರ್ಚಿಯಲ್ಲಿ ಕೂತ. ನಮ್ಮ ಎಂಟನೆಯ ತರಗತಿಯ ರೇಣುಕಾ ಹೊಡೆಯುವ ಸರದಿ. ಅವಳೂ ನನ್ನಂತೆಯೇ ಬಡಿಯುವವಳು. ಆವತ್ತು ಏನಾಯಿತೋ, ನಾನು ಎಸೆದ ಚೆಂಡಿಗೆ ಅಡ್ಡಕ್ಕೆ ಬೀಸಿದಳು. ಅದು ಮೈದಾನ ದಾಟಿ ಆಚೆಯ ತೊಗರಿಯಲ್ಲಿ ಬಿತ್ತು.

ಅಪ್ಪ ಮೊಣಕಾಲಿಗೆ ಕೈಯೂರಿ ಅರ್ಧ ಎದ್ದ. ನನ್ನ ಮುಖ ನೋಡಿದ. ಮತ್ತೆ ಕೂತ. ಅವನು ಹಾಗೆ ಕೂತದ್ದನ್ನು ನೋಡಲು ನನ್ನಿಂದ ಆಗಲಿಲ್ಲ.

"ಹೋಗಪ್ಪಾ," ಎಂದೆ. "ಇಲ್ಲಿ ಝಂಡಾ ಇಲ್ಲ. ನೀನೇ ತಗೊಂಡ್ ಬಾ."

ಓಡಲು ಅವನ ಕಾಲಲ್ಲಿ ಈಗ ಶಕ್ತಿಯಿಲ್ಲ. ಕೋಲೂರಿಕೊಂಡು ಹೋದ, ಒಂದು ಗಿಡವೂ ಮುರಿಯದ ಹಾಗೆ ಸಾಲು ಸರಿಸಿ ಹುಡುಕಿದ. ಹುಡುಗಿಯರು ಆಟ ನಿಲ್ಲಿಸಿ ಕಾದರು, ಯಾರೂ ನಗಲಿಲ್ಲ. ಅವನು ಬಂದು ಚೆಂಡನ್ನು ರೇಣುಕಾಳ ಕೈಗಲ್ಲ, ನನ್ನ ಕೈಗಿಟ್ಟ.

"ತಗೊಂಡ್ ಬಂದೀನವ್ವ."

ನಾನು ಎರಡೂ ಕೈಯಲ್ಲಿ ತಗೊಂಡೆ. "ಭಾಳ ದೂರ ಬಿದ್ದಿತ್ತೇನಪ್ಪಾ?"

"ಹ್ಞೂಂ, ದೂರೇ ಬಿದ್ದಿತ್ತು," ಎಂದ ಅಪ್ಪ, ಏದುಸಿರು ಬಿಡುತ್ತಾ. "ಆದ್ರ ಅವತ್ತ ನಿಂದು ಇದಕ್ಕಿಂತ ದೂರ ಬಿದ್ದಿತ್ತು. ನಾ ಒಬ್ಬಾಂವ ನೋಡೀನಿ."