ಎದೆ ಹತ್ತೊಂಬತ್ತು, ಸೊಂಟ ಎಪ್ಪತ್ತೊಂದು

ಗುಂಡಿ, ದಾರ ಮಾರುವ ಅಂಗಡಿಯಿಂದ ಬಂದು ಹೊಲಿಗೆ ಮಷಿನ್ ಮುಂದೆ ಕುಳಿತಾಗಲೇ ಟೈಲರಿಗೆ ಪರ್ಸು ಕಳೆದದ್ದು ಗೊತ್ತಾಯಿತು. ಕುಳಿತಾಗಲೆಲ್ಲ ಹಿಂದೆ ಒತ್ತುತ್ತಿದ್ದದ್ದು ಅಂದು ಒತ್ತಲಿಲ್ಲ. ಮೂವತ್ತು ವರ್ಷ ಊರಿನವರ ಜೇಬೆಲ್ಲ ಹೊಲಿದವನು ತನ್ನ ಜೇಬಿನ ಹೊಲಿಗೆ ಬಿಚ್ಚಿದ್ದನ್ನು ನೋಡಿಕೊಂಡಿರಲಿಲ್ಲ.

ಅದರಲ್ಲಿದ್ದ ಚಿಲ್ಲರೆ ಹೋದರೆ ಹೋಗಲಿ. ಆದರೆ ಬ್ಯಾಂಕಿನ ಕಾರ್ಡಿತ್ತು, ಗುರುತಿನ ಚೀಟಿಯ ಪ್ರತಿಯಿತ್ತು. ಆ ಖಾತೆಯಲ್ಲಿ ಅವನ ದುಡ್ಡಿಗಿಂತ ಅಕ್ಕನದೇ ಹೆಚ್ಚು. ಗಂಡ ತೀರಿಕೊಂಡ ಮೇಲೆ ಹಾಸ್ಟೆಲೊಂದರ ಅಡುಗೆಮನೆಯಲ್ಲಿ ಹನ್ನೆರಡು ವರ್ಷದಿಂದ ದುಡಿದು ಉಳಿಸಿದ್ದು. “ನನಗೆ ಬ್ಯಾಂಕು ಗೀಂಕು ತಿಳಿಯಲ್ಲ ಕಣೋ, ನಿನ್ನ ಹೆಸರಲ್ಲೇ ಇರಲಿ” ಎಂದಿದ್ದಳು.

ಬ್ಯಾಂಕಿಗೆ ಫೋನ್ ಮಾಡಿ, ಒಂದು ಒತ್ತಿ, ಎರಡು ಒತ್ತಿ, ಸಂಗೀತ ಕೇಳಿ ಕೇಳಿ, ಕೊನೆಗೂ ಕಾರ್ಡು ನಿಲ್ಲಿಸಿದ.

“ಮುಗೀತಲ್ಲ, ಊಟಕ್ಕೆ ಏಳಿ” ಎಂದಳು ಹೆಂಡತಿ.

“ಅಳತೆ ಚೀಟಿ ಇತ್ತು ಕಣೇ ಅದರಲ್ಲಿ.”

“ಯಾರದು?”

ಯಾರದೂ ಅಲ್ಲ. ರಹಸ್ಯ ಸಂಖ್ಯೆ ಮರೆಯುತ್ತದೆಂದು ಅವನು ಇಲ್ಲದ ಗಿರಾಕಿಯೊಬ್ಬನ ಅಳತೆಯ ಹಾಗೆ ಬರೆದಿಟ್ಟಿದ್ದ. ಎದೆ ಹತ್ತೊಂಬತ್ತು, ಸೊಂಟ ಎಪ್ಪತ್ತೊಂದು. ಇದು ಕಾರ್ಡಿನದು. ತೋಳು, ಉದ್ದದ ಅಂಕಿಗಳು ಫೋನಿನಲ್ಲಿ ಖಾತೆಯ ವ್ಯವಹಾರ ಮಾಡುವುದಕ್ಕೆ.

ಹೆಂಡತಿಗೆ ನಗು ತಡೆಯಲಾಗಲಿಲ್ಲ. “ಅದೇನು ಮನುಷ್ಯನೋ ನೀರಿನ ಹಂಡೆಯೋ? ಹೋಗಲಿ ಬಿಡಿ, ನೋಡಿದವರಿಗೇನು ಅರ್ಥವಾಗುತ್ತೆ?”

“ಬೇರೆಯವರಿಗೆ ಆಗಲ್ಲ. ಗುಂಡಿ ಅಂಗಡಿಗೆ ಬರೋರೆಲ್ಲ ಟೈಲರ್‌ಗಳೇ ಅಲ್ವೇನೇ! ಇಂಥ ದೇಹ ಇರಲ್ಲ ಅಂತ ನೋಡಿದ ತಕ್ಷಣ ಹಿಡಿದುಬಿಡ್ತಾರೆ.”

ಅವಳ ನಗು ಅಲ್ಲೇ ನಿಂತಿತು. “ಅಕ್ಕನಿಗೆ ಒಂದು ಮಾತು ಹೇಳಿಬಿಡಿ.”

“ಪರ್ಸು ಸಿಗಲಿ, ಆಮೇಲೆ ಹೇಳಿದರಾಯ್ತು.”

ಮರುದಿನ ಬ್ಯಾಂಕಿಗೆ ರಜೆ. ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಟ್ಟು ಸ್ವೀಕೃತಿ ಪತ್ರ ಪಡೆದ. “ನಿಮ್ಮ ಗುರುತಿನ ಪ್ರತಿ ಇಟ್ಟುಕೊಂಡು ಯಾರಾದರೂ ಸಿಮ್ ತಗೋಬಹುದು, ಸಾಲಾನೂ ತಗೋಬಹುದು. ಈ ಪತ್ರ ಜೋಪಾನ” ಎಂದರು ಠಾಣೆಯವರು. ಅವತ್ತಿಡೀ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಎಲ್ಲೋ ಒಂದು ಕಡೆ ಇನ್ನೊಬ್ಬ ತಾನು ಓಡಾಡುತ್ತಿದ್ದಾನೆ, ತನ್ನ ಹೆಸರಿನಲ್ಲಿ ಸಹಿ ಹಾಕುತ್ತಿದ್ದಾನೆ ಎನಿಸುತ್ತಿತ್ತು. ಒಂದು ಅಂಗಿಗೆ ಎರಡೂ ಎಡಗೈ ತೋಳನ್ನೇ ಕತ್ತರಿಸಿಟ್ಟ.

ಮೂರನೆಯ ದಿನ ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತ. ಗುಮಾಸ್ತೆ ಕಂಪ್ಯೂಟರ್ ನೋಡುತ್ತ ಕೇಳಿದಳು:

“ಖಾತೆಗೆ ಕೊಟ್ಟಿರೋ ಫೋನ್ ನಂಬರ್ ನಿಮ್ಮದಲ್ವಲ್ಲ?”

“ಅಕ್ಕಂದು. ಖಾತೆ ತೆರೆದಾಗ ನನ್ನ ಹತ್ರ ಫೋನ್ ಇರಲಿಲ್ಲ.”

“ರಹಸ್ಯ ಸಂಖ್ಯೆ ಬದಲಾಯಿಸಬೇಕಾದರೂ, ಫೋನಿನಲ್ಲಿ ದುಡ್ಡು ತೆಗೀಬೇಕಾದರೂ ಆರಂಕಿಯ ಒಟಿಪಿ ಅವರ ಫೋನಿಗೇ ಬರುತ್ತೆ. ಯಾರು ಕೇಳಿದರೂ ಹೇಳಬೇಡಿ ಅಂತ ಅವರಿಗೆ ತಿಳಿಸಿದೀರಿ ತಾನೆ? ಅವರ ನಂಬರ್ ಪರ್ಸಲ್ಲಿ ಇರಲಿಲ್ಲ ತಾನೆ?”

ಟೈಲರ್ ಜೇಬಿನ ಫೋನಿಗೆ ಕೈಹಾಕಿದ. ಅಳತೆ ಚೀಟಿ ಅಂದಮೇಲೆ ಕೆಳಗೆ ಗಿರಾಕಿಯ ಫೋನ್ ನಂಬರ್ ಬರೆಯಲೇಬೇಕು, ಅದು ಅವನ ಕೈಗಂಟಿದ ಅಭ್ಯಾಸ. ಇಲ್ಲದ ಗಿರಾಕಿಗೆ ಅಕ್ಕನ ನಂಬರನ್ನೇ ಬರೆದಿದ್ದ. ಪಕ್ಕದಲ್ಲಿ ‘ಅಕ್ಕ’ ಅಂತಲೂ.

ಫೋನ್ ಮಾಡಿದ. ಅಕ್ಕ ಬೇರೆ ಕರೆಯಲ್ಲಿದ್ದಳು. ಮತ್ತೆ ಮಾಡಿದ. ಅದೇ. ಓಡಿದ. ಎರಡೇ ಬೀದಿ ದಾಟಬೇಕಿತ್ತು, ಆದರೂ ಹಾಸ್ಟೆಲ್ ಹತ್ತಿರವೇ ಬರುತ್ತಿಲ್ಲವೆನಿಸಿತು. ದಾರಿಯುದ್ದಕ್ಕೂ ಬಾಯಲ್ಲಿ ದೇವರ ಹೆಸರು ಬಿಟ್ಟು ಬೇರೆ ಬರಲಿಲ್ಲ.

ಅಕ್ಕ ಅಡುಗೆಮನೆಯ ಕಿಟಕಿಯ ಬಳಿ ಕನ್ನಡಕ ಏರಿಸಿಕೊಂಡು ನಿಂತಿದ್ದಳು. ಫೋನಿನಿಂದ ಗಂಡಸಿನ ದನಿ ಜೋರಾಗಿ ಕೇಳುತ್ತಿತ್ತು.

“ತಲೆಗೆ ಏಟು ಬಿದ್ದಿದೆಯಾ? ಅಯ್ಯೋ ದೇವರೇ... ಹೂಂ, ಬಂದಿದೆಯಪ್ಪ, ಓದ್ತೀನಿ. ನಾಲ್ಕು... ಎರಡು...”

“ಅಕ್ಕಾ!”

ಅವಳು ತಿರುಗಿದಳು. ತಮ್ಮನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ಫೋನಿಗೆ ಹೇಳಿದಳು:

“ಆಸ್ಪತ್ರೆಯಲ್ಲಿ ಮಲಗಿದಾನೆ ಅಂದೆಯಲ್ಲಪ್ಪ, ಅವನು ಇಲ್ಲೇ ನಿಂತು ಏದುಸಿರು ಬಿಡ್ತಿದಾನೆ. ಕೊಡಲಾ, ಮಾತಾಡ್ತೀಯಾ?”

ಆ ಕಡೆಯವನು ಫೋನ್ ಇಟ್ಟುಬಿಟ್ಟ. ಟೈಲರ್ ಹೊಸ್ತಿಲ ಮೇಲೆ ಕೂತು ಎಲ್ಲವನ್ನೂ ಹೇಳಿದ.

“ಯಾವತ್ತು ಕಳಕೊಂಡೆ?”

“ಮೊನ್ನೆ.”

“ಮೊನ್ನೆ!” ಅಕ್ಕ ಕನ್ನಡಕ ತೆಗೆದಳು. “ಪರ್ಸು ಯಾರು ಬೇಕಾದರೂ ಕಳಕೋತಾರೆ. ನನ್ನ ದುಡ್ಡು ಬೀದೀಲಿ ಬಿದ್ದಿದೆ ಅಂತ ನನಗೊಬ್ಬಳಿಗೇ ಗೊತ್ತಿರಲಿಲ್ಲ, ಅಲ್ವೇನೋ?”

ಅವಳು ಒಲೆ ಆರಿಸಿ ಚಪ್ಪಲಿ ಮೆಟ್ಟಿದಳು. “ಏಳು, ಬ್ಯಾಂಕಿಗೆ ನಡಿ.”

ಖಾತೆಯಲ್ಲಿ ಒಂದು ಕಾಸೂ ಕದಲಿರಲಿಲ್ಲ. ಹಳೆಯ ಸಂಖ್ಯೆಗಳನ್ನೆಲ್ಲ ಬದಲಾಯಿಸಿದ್ದಾಯಿತು. ಟೈಲರ್ ಎದ್ದ. ಅಕ್ಕ ಏಳಲಿಲ್ಲ.

“ನನ್ನ ಹೆಸರಲ್ಲೇ ಒಂದು ಖಾತೆ ತೆರೆದುಕೊಡಮ್ಮ” ಎಂದಳು ಗುಮಾಸ್ತೆಗೆ.

“ಅಕ್ಕ, ಇನ್ಮೇಲೆ ಹೀಗಾಗಲ್ಲ...”

“ಗೊತ್ತು. ಆದರೂ ತೆರೀಲಿ.”

ನಿಧಾನವಾಗಿ, ಅಕ್ಷರ ಅಕ್ಷರ ಜೋಡಿಸಿ ಸಹಿ ಹಾಕಿದಳು. ಹೊಸ ಸಂಖ್ಯೆ ಒತ್ತಲು ಗುಮಾಸ್ತೆ ಪುಟ್ಟ ಯಂತ್ರವೊಂದನ್ನು ಮುಂದಿಟ್ಟಾಗ, ಎಡಗೈಯನ್ನು ಅದಕ್ಕೆ ಮರೆಯಾಗಿ ಹಿಡಿದಳು.

“ಮುಖ ಆ ಕಡೆ ತಿರುಗಿಸೋ” ಎಂದಳು ತಮ್ಮನಿಗೆ.

ತಮಾಷೆಗೆ ಹೇಳಿದಳೋ ನಿಜಕ್ಕೋ ಅವನಿಗೆ ತಿಳಿಯಲಿಲ್ಲ. ಗೋಡೆಯ ಕಡೆ ತಿರುಗಿ, ಅವಳು ಸಾಕು ಅನ್ನುವವರೆಗೂ ಹಾಗೇ ನಿಂತ.