ಇಪ್ಪತ್ತಾರು ಮಕ್ಕಳ ಹೆಜ್ಜೆಯ ಮಣ್ಣು

ಆ ಹುಡುಗಿಯನ್ನು ತರಗತಿಯ ಮುಂದೆ ಕರೆದು ನಿಲ್ಲಿಸಿದವಳು ನಾನೇ. ಮೊದಲ ಮಾತನ್ನು ಹೇಳಿದವಳೂ ನಾನೇ. ಆ ವಾರ ಈ ಎರಡನ್ನು ಬಿಟ್ಟು ಉಳಿದದ್ದನ್ನೆಲ್ಲ ಬೇರೆಯವರಿಗೆ ಹೇಳಿದ್ದೆ. ಅದಕ್ಕೇ ಇಲ್ಲಿ ಮೊದಲು ಬರೆದಿಡುತ್ತೇನೆ.

ಎಂ.ಎ., ಬಿ.ಎಡ್. ಮುಗಿಸಿ ಅಳವಂಡಿ ಕಡೆಯ ಒಂದು ಸಣ್ಣ ಊರಿನ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಬಂದು ಎರಡು ತಿಂಗಳಾಗಿತ್ತು. ಎರಡನೆಯ ತರಗತಿಗೆ ಗುಣವಾಚಕ ಕಲಿಸಬೇಕಿತ್ತು. ಆ ವಯಸ್ಸಿಗೆ ವ್ಯಾಕರಣದ ಹೆಸರು ಬೇಡ, 'ಹೆಂಗೈತಿ?' ಎಂದು ಕೇಳಿದರೆ ಬರುವ ಉತ್ತರ ಸಾಕು. ಮೂರು ದಿನ ಚೀಲದಲ್ಲಿ ವಸ್ತುಗಳನ್ನು ತಂದು ಕೇಳಿದೆ. ಮೆಣಸಿನಕಾಯಿ ಹೆಂಗೈತಿ? ಕೆಂಪು, ಖಾರ. ಹುಣಸೆ ಹೆಂಗೈತಿ? ಹುಳಿ. ಕಲ್ಲು ಹೆಂಗೈತಿ ಎಂದರೆ ಒಬ್ಬಳು, "ಯಾರಿಗರ ಒಗದು ನೋಡಿ ಹೇಳಲೇನ್ರಿ ಟೀಚರ್?" ಎಂದಳು.

ನಾಲ್ಕನೆಯ ದಿನ ವಸ್ತು ಸಾಕು, ಮನುಷ್ಯರಾಗಲಿ ಎಂದುಕೊಂಡೆ. ಒಬ್ಬರು ಮುಂದೆ ನಿಲ್ಲಬೇಕು, ಉಳಿದ ಇಪ್ಪತ್ತಾರು ಮಂದಿ ಅವರ ಬಗ್ಗೆ ಒಳ್ಳೆಯ ಮಾತನ್ನಷ್ಟೇ ಹೇಳಬೇಕು. ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಹದಿನೇಳನೆಯದು. ಆದರೂ ಮೊದಲು ಕರೆದದ್ದು ಅವಳನ್ನೇ. ಆ ಮುಖವನ್ನು ನೋಡುವುದು ನನಗೆ ಇಷ್ಟವಾಗಿತ್ತು, ಕಾರಣ ಅಷ್ಟೇ. ಯಾರೂ ಬಾಯಿ ಬಿಡದಿದ್ದಾಗ ನಾನೇ "ಚಂದ" ಎಂದೆ. ಆಮೇಲೆ ತಡೆಯುವವರಿಲ್ಲ. ದುಂಡನ್ನ ಮಾರಿ. ಉದ್ದನ್ನ ಜಡಿ. ಛಲೋ ಹುಡುಗಿ. ಪಕ್ಕದಲ್ಲಿ ಕೂರುವ ಗೆಳತಿಯೊಬ್ಬಳು ಓಡಿ ಬಂದು ಅವಳ ಕೈ ಹಿಡಿದು, "ಬೆಚ್ಚನ್ನ ಕೈ" ಎಂದಳು. ನನಗೆ ಬಹಳ ಖುಷಿಯಾಯಿತು. ಕಣ್ಣಿಂದ ಮಾತ್ರವಲ್ಲ, ಮುಟ್ಟಿಯೂ ಪದ ಹುಡುಕಬಹುದು ನೋಡಿ ಎಂದು ಅದನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆದು ಚಪ್ಪಾಳೆ ಹೊಡೆಸಿದೆ.

ಮರುದಿನ ಅವಳು ಬರಲಿಲ್ಲ.

"ಟೀಚರ್, ಆಕಿಗೆ ಜ್ವರ ಬಂದೈತ್ರಿ."

"ನಮ್ಮೆಲ್ಲಾರ ನೆದರ ಆಗೈತಂತ್ರಿ. ಅವರಜ್ಜಿ ಹೇಳ್ಯಾಳ."

"ಟೀಚರ್ದೂ ಆಗೈತಂತ," ಎಂದು ಹಿಂದಿನಿಂದ ಒಂದು ದನಿ. ಯಾರೋ ಹಾಗೆಂದವಳನ್ನು ಚಿವುಟಿದರು.

ನೆದರು, ಅಂದರೆ ಕೆಟ್ಟ ದೃಷ್ಟಿ. ನಾನು ನಂಬುವುದಿಲ್ಲ. ಆದರೆ ನನ್ನ ಪರೀಕ್ಷೆಯ ದಿನಗಳಲ್ಲಿ ಅವ್ವ ನಿವಾಳಿಸಿದ ಉಪ್ಪನ್ನು ಒಮ್ಮೆಯೂ ಬೇಡವೆಂದವಳಲ್ಲ. ಅದಕ್ಕಿಂತ ದೊಡ್ಡ ಭಯ ಬೇರೆ ಇತ್ತು. ಮಳೆಗಾಲ. ಶಾಲೆಯ ನಲ್ಲಿಯ ಗುಂಡಿಯಲ್ಲಿ ನೀರು ನಿಂತಿತ್ತು. ಸಂಜೆ ಕೊಪ್ಪಳದ ಬಸ್ಸಿನಲ್ಲಿ ಫೋನು ತೆರೆದು ಮಕ್ಕಳ ಜ್ವರಗಳ ಬಗ್ಗೆ ಓದಿದೆ, ಮುಚ್ಚಿದೆ, ಮತ್ತೆ ಓದಿದೆ. ಅದರ ಮರುದಿನವೂ ಅವಳ ಜಾಗ ಖಾಲಿ. ಹಾಜರಿ ಕರೆಯುವಾಗ ಹದಿನಾರರಿಂದ ಹದಿನೆಂಟಕ್ಕೆ ಹೋಗಲು ನಾಲಿಗೆ ಏಳಲಿಲ್ಲ.

ಮೂರನೆಯ ದಿನ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಅಜ್ಜಿ ಬಂದಳು. ಕೈಯಲ್ಲಿ ಮುತ್ತುಗದ ಎಲೆ. ಮಕ್ಕಳು ಚಪ್ಪಲಿ ಬಿಡುವಲ್ಲಿ ಕುಕ್ಕರುಗಾಲಲ್ಲಿ ಕೂತು ಒಬ್ಬೊಬ್ಬರ ಹೆಜ್ಜೆಯಿಂದ ಚಿಟಿಕೆ ಚಿಟಿಕೆ ಮಣ್ಣು ತೆಗೆಯತೊಡಗಿದಳು. ನೆದರು ಹಾಕಿದವರ ಹೆಜ್ಜೆಮಣ್ಣನ್ನು ಉಪ್ಪು, ಮೆಣಸಿನಕಾಯಿ ಜೊತೆ ನಿವಾಳಿಸಿ ಬೆಂಕಿಗೆ ಹಾಕಿದರೆ ಇಳಿಯುತ್ತದೆ. ಒಬ್ಬರಾದರೆ ಸುಲಭ, ಇಲ್ಲಿ ಇಡೀ ತರಗತಿ. ಮಕ್ಕಳು ಸಾಲಾಗಿ ನಿಂತು ಹೆಮ್ಮೆಯಿಂದ ಕಾಲು ಒತ್ತಿ ಒತ್ತಿ ಹೆಜ್ಜೆ ಮೂಡಿಸುತ್ತಿದ್ದರು.

"ಯವ್ವಾ, ಅಂಗಳಾನ ಒಯ್ಯಬೇಕಂತ ಮಾಡೀ ಏನು?" ಎಂದರು ಹೆಡ್ ಮಾಸ್ತರು.

"ನಿಂದು ಬ್ಯಾಡೋ ಮಾಸ್ತರ. ನಿನ್ನ ಕಣ್ಣು ಬಿಸಿಊಟದ ಮ್ಯಾಲಷ್ಟ ಬೀಳ್ತಾವ," ಎಂದು ಅಜ್ಜಿ ನನ್ನ ಕಡೆ ತಿರುಗಿದಳು. "ಮೊದಲ ಅಂದವರು ನೀವಂತಲ್ರಿ ಅಕ್ಕಾರ?"

ಅದು ಪಾಠ, ಪುಸ್ತಕದಲ್ಲಿದೆ ಎಂದು ಹೇಳಲು ಎರಡು ದಿನದಿಂದ ವಾಕ್ಯ ಸಿದ್ಧಪಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಬೇರೆ. "ಹೌದ್ರಿ. ಜ್ವರ ಹೆಂಗೈತಿ? ರಕ್ತ ತೋರಿಸೀರೇನು?"

"ಗುಳಿಗಿ ಹಾಕೀನಿ. ಇಳೀತೈತಿ, ಮತ್ತ ಏರತೈತಿ. ದವಾಖಾನಿಗೆ ಹ್ವಾದ್ರ ಅಲ್ಲೇ ಇಟಗೋತಾರ. ಆಕಿ ಅಪ್ಪ-ಅವ್ವ ಗಂಗಾವತಿ ಕಡೆ ನಾಟಿಗೆ ಹೋಗ್ಯಾರ. ನಾ ಒಬ್ಬಾಕಿ ಏನ ಮಾಡ್ಲಿ?"

"ನಾ ಬರ್ತೀನಿ. ನಾ ಮಣ್ಣು ಕೊಡ್ತೀನಿ, ನೀವು ಇವತ್ತ ರಕ್ತ ತೋರಸ್ರಿ."

ಅಜ್ಜಿ ನನ್ನನ್ನು ಅಳೆಯುವಂತೆ ನೋಡಿದಳು. ಚಪ್ಪಲಿ ಬಿಟ್ಟು ಹಸಿ ಮಣ್ಣಿನಲ್ಲಿ ಕಾಲಿಟ್ಟು ತೆಗೆದೆ. ಇಪ್ಪತ್ತಾರು ಮಕ್ಕಳು ನನ್ನ ಬರಿಗಾಲನ್ನು ನೋಡುತ್ತಿದ್ದರು. ಹಿಮ್ಮಡಿ ಒತ್ತಿದ ಜಾಗದಿಂದ ಮೂರು ಬೆರಳಲ್ಲಿ ಮಣ್ಣೆತ್ತಿಕೊಳ್ಳುತ್ತ ಅಜ್ಜಿ, "ತಪ್ಪ ತಿಳಕೋಬ್ಯಾಡ್ರಿ. ಜೀವ ಇಟ್ಟವರ ಕಣ್ಣ ಮೊದಲ ಹತ್ತತಾವ," ಎಂದಳು. ನಾನು ಯಾರಿಗೂ ಹೇಳದೆ ಇದ್ದದ್ದು ಅವಳಿಗೆ ಹೇಗೆ ಗೊತ್ತಾಯಿತೋ. ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡುತ್ತ ಮುಖ ಮರೆಸಿಕೊಂಡೆ.

ಅವರ ಮನೆಯಲ್ಲಿ ಹುಡುಗಿಯ ಎದುರು ಒಲೆಗೆ ಎಲ್ಲವನ್ನೂ ಸುರಿದದ್ದಾಯಿತು. "ಮೂರ ಮೆಣಸಿನಕಾಯಿ ಸುಟ್ಟೀನಿ, ಒಂದರ ಘಾಟ ಬಂತೇನು? ಭಾಳ ನೆದರ ಆಗಿತ್ತು," ಎಂದು ಅಜ್ಜಿ ಎದ್ದಳು. ನನಗೂ ಸೀನು ಬರಲಿಲ್ಲ. ಅದನ್ನು ಗಮನಿಸಿದ್ದಕ್ಕೆ ನನ್ನ ಮೇಲೆಯೇ ಸಿಟ್ಟು ಬಂತು.

ಬಸ್ಸಿನಲ್ಲಿ ಹುಡುಗಿಯ ಕೈ ನನ್ನ ಕೈಯಲ್ಲಿತ್ತು. ಒಲೆಯಿಂದ ಆಗಷ್ಟೇ ತೆಗೆದ ರೊಟ್ಟಿಯಂಥ ಬಿಸಿ. ಕೊಪ್ಪಳದ ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ವರದಿಗೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದಾಗ ಅವಳು ಕಣ್ಣು ತೆರೆದು, "ಟೀಚರ್, ಈಗ ನಾ ಹೆಂಗದೀನ್ರಿ?" ಎಂದಳು. ತರಗತಿಯ ಪ್ರಶ್ನೆಯನ್ನೇ ಕೇಳುತ್ತಿದ್ದಳು. ನನ್ನಲ್ಲಿದ್ದ ಪದಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಯಾವುದನ್ನೂ ಹೇಳುವ ಧೈರ್ಯ ಬರಲಿಲ್ಲ. ನೀರು ಕುಡಿ ಎಂದೆ.

ಟೈಫಾಯ್ಡ್. ದಾಖಲು ಮಾಡಿಕೊಂಡರು. ಹೆದರಬೇಡಿ ಎಂದ ಡಾಕ್ಟರು ಚೀಟಿ ಬರೆಯುತ್ತ ಕೇಳಿದರು. "ಜ್ವರ ಒಂದು ವಾರದಿಂದ ಒಳಗಿರಬೇಕು. ಯಾರೂ ನೋಡಲಿಲ್ಲವಾ?"

ಅಜ್ಜಿ ನನ್ನ ಮುಖ ನೋಡಿದಳು. ನನಗೆ ಕಂಡದ್ದು ಹಲಗೆ. ಅದರ ಮೇಲೆ ನನ್ನ ದುಂಡಗಿನ ಅಕ್ಷರ: ಬೆಚ್ಚನ್ನ ಕೈ. ಏಳು ವರ್ಷದ ಮಗು ಮುಟ್ಟಿ ಹೇಳಿತ್ತು. ನಾನು ಚಪ್ಪಾಳೆ ಹೊಡೆಸಿದ್ದೆ.

ಹದಿನೈದು ದಿನ ಕಳೆದ ಮೇಲೆ ಅಜ್ಜಿ ಅವಳನ್ನು ಶಾಲೆಗೆ ಕರೆತಂದಳು. ಜಡೆ ತೆಳ್ಳಗಾಗಿತ್ತು. ಕೆನ್ನೆಯ ಮೇಲೆ ಕಾಸಗಲದ ಕಾಡಿಗೆ. "ಈ ಕಾಗಿಮಾರಿ, ಸೊಟ್ಟಮಾರಿ, ಮೂಳೀನ ಬಿಟ್ಟು ಹೊಂಟೀನ್ರಿ ಅಕ್ಕಾರ," ಎಂದು ಇಡೀ ಅಂಗಳಕ್ಕೆ ಕೇಳುವಂತೆ ಕೂಗಿ ಹೋದಳು. ಹೀಗೆ ಬೈದರೆ ನೆದರು ತಾಗುವುದಿಲ್ಲ ಎಂಬ ಸುಳಿವು ಮಕ್ಕಳಿಗೆ ಸಿಕ್ಕಿತು. ಹಂದಿಮರಿ, ಒಣ ಕಟಗಿ, ಹಲ್ಲುಬ್ಬಿ ಎಂದು ಒಬ್ಬರ ಮೇಲೊಬ್ಬರು ಬಿದ್ದು ಅವಳಿಗೆ ಹೆಸರಿಟ್ಟರು. ಅವಳು ಪ್ರತಿಯೊಂದಕ್ಕೂ ನಗುತ್ತಿದ್ದಳು. ಆಮೇಲೆ ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಟೀಚರ್, ನೀವು ಇನ್ನೂ ಹೇಳಿಲ್ರಿ."

ನಾನು ಅವಳ ಕೈ ತೆಗೆದುಕೊಂಡೆ. ಮೊದಲು ಅಂಗೈ, ಆಮೇಲೆ ಮಣಿಕಟ್ಟು. ನನ್ನ ಕೈಯೇ ಬಿಸಿಯಿರಬಹುದೆಂಬ ಅನುಮಾನ ಬಂದು ಅವಳ ಹಣೆಯನ್ನು ಮುಂಗೈಯಿಂದ ಮುಟ್ಟಿದೆ.

"ತಣ್ಣನ್ನ ಕೈ," ಎಂದೆ.

"ಅಷ್ಟನ?" ಎಂದಳು, ಸ್ವಲ್ಪ ನಿರಾಶೆಯಿಂದ.

"ಅಷ್ಟ," ಎಂದೆ. ಕೈಯನ್ನು ಮಾತ್ರ ಇನ್ನೂ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದೆ.