ಅಲುಗದ ಅರ್ಧ ನಿಮಿಷ

ಮುನವಳ್ಳಿಯ ನಮ್ಮ ಮನೆತನದವರೆಲ್ಲ ನೆಲದ ಮೇಲೆ ಕುಳಿತೇ ಹೊಟ್ಟೆ ಹೊರೆದವರು. ಅಪ್ಪನದು ಪೌರೋಹಿತ್ಯ: ಮದುವೆ, ಮುಂಜಿವೆ, ತಿಥಿ. ಅಂಥ ಮನೆಯಿಂದ ನಾನು ಬಾಂಬರ್ ವಿಮಾನ ನಡೆಸಲು ಹೊರಟಾಗ ಬಳಗ ಒಂದಿಷ್ಟು ಹೆಮ್ಮೆಪಟ್ಟಿತು, ತನಗೇನು ಲಾಭ ಎಂದೂ ನೋಡಿತು. ಕಿತ್ತೂರಿನ ಅತ್ತೆ, "ಕಾಶಿ ಕಡೆ ಹೋದ್ರ ನನ್ನೂ ಕೂಡಿಸ್ಕೊಂಡು ಹೋಗಪಾ" ಎಂದಳು. ಬಾಂಬುಗಳ ಪಕ್ಕದಲ್ಲಿ ಮಾತ್ರ ಜಾಗ ಇದೆ ಎಂದೆ. ಅದಕ್ಕೂ ಒಪ್ಪಿದಳು.

ಅಪ್ಪ ಮಾತ್ರ, "ಸಂಧ್ಯಾವಂದನಿಗೆ ಹತ್ತು ನಿಮಿಷ ನೆಟ್ಟಗ ಕೂತವನಲ್ಲ ನೀ. ಅಲ್ಲಿ ಹೋಗಿ ಏನ್ ಮಾಡ್ತಿ?" ಎಂದು ಕೇಳಿದರು.

ತರಬೇತಿಗೆ ಹೋದಮೇಲೆ ತಿಳಿಯಿತು, ಅಲ್ಲಿ ಕೆಲಸವೇ ನೆಟ್ಟಗೆ ಕೂಡುವುದು. ವಿಮಾನದ ಮೂತಿಯಲ್ಲಿ ಬೋರಲು ಮಲಗಿದ ಜೊತೆಗಾರ ಗುರಿ ನೋಡುತ್ತಾನೆ, ಗುಂಡಿ ಒತ್ತುವವನೂ ಅವನೇ. ಕೊನೆಯ ಅರ್ಧ ನಿಮಿಷ ವಿಮಾನ ಅಲುಗದಂತೆ ಹಿಡಿಯುವುದಷ್ಟೇ ನನ್ನ ಶೌರ್ಯ. ಅದೂ ಬರಲಿಲ್ಲ. ಬಯಲಲ್ಲಿ ಸುಣ್ಣದಿಂದ ಬರೆದ ದೊಡ್ಡ ವೃತ್ತದೊಳಗೆ ಹೊಗೆಬಾಂಬು ಬೀಳಿಸಬೇಕಿತ್ತು. ನಮ್ಮದು ಆಚೆಯ ಹೊಲಕ್ಕೆ ಬಿತ್ತು. ನೀನು ಹಾರುವ ದಿನ ಮೊದಲೇ ಹೇಳು, ಸುತ್ತಲಿನ ಹಳ್ಳಿಯವರು ದನಕರು ಹೊಡೆದುಕೊಂಡು ಬಂದು ವೃತ್ತದೊಳಗೆ ನಿಲ್ಲಲಿ ಎಂದರು ತರಬೇತುದಾರರು.

ಬೈಸಿಕೊಂಡೇ ಕಲಿತೆ. ಅಷ್ಟರಲ್ಲಿ ಯುದ್ಧ ಬಂತು. ಒಂದು ಬೆಳಗಿನ ಜಾವ ಆಚೆ ದೇಶದ ರೈಲು ಯಾರ್ಡಿನ ಮೇಲೆ, ಕೆಳಗಿನಿಂದ ಗುಂಡು ಏರಿ ಬರುತ್ತಿದ್ದಾಗ, ಗೂಟ ಹೊಡೆದ ಹಾಗೆ ವಿಮಾನ ಹಿಡಿದೆ. ನಿಜ ಹೇಳಬೇಕೆಂದರೆ ಅಂಜಿಕೆಗೆ ಕೈ ಸೆಟೆದುಹೋಗಿತ್ತು. ಮೇಲಧಿಕಾರಿಗಳು ಅದನ್ನು ಸ್ಥೈರ್ಯ ಎಂದು ಬರೆದುಕೊಂಡರು. ತಿರುಗಿ ನೋಡಿದಾಗ ಬರೀ ಹೊಗೆ.

ಯುದ್ಧ ಮುಗಿದ ಮೇಲೆ ರಜೆ ಸಿಕ್ಕಿದ್ದು ಪಿತೃಪಕ್ಷದಲ್ಲಿ. ಬೈಲಹೊಂಗಲದಲ್ಲಿ ನನಗೆ ಸತ್ಕಾರ ಇಟ್ಟರು. ನನಗೆ ಬೇಕಿದ್ದದ್ದು ಅಪ್ಪನ ಒಂದು ಶಾಬಾಸ್. ಅಪ್ಪ ತಿಥಿಗಳ ಕೆಲಸ ಭಾಳ ಅದ ಎಂದು ಬರಲೇ ಇಲ್ಲ. ಮೊದಲು ಮಾತಾಡಿದವರು ನಾನು ನೂರು ವೈರಿಗಳನ್ನು ಕೊಂದೆ ಎಂದರು. ಎರಡನೆಯವರು ಐನೂರು ಮಾಡಿದರು. ರಾಮದುರ್ಗದಿಂದ ಬಂದ ಮುಖಂಡರು ಸಾವಿರಕ್ಕೆ ಒಯ್ದರು. ಇನ್ನೊಬ್ಬ ಭಾಷಣಕಾರ ಇದ್ದಿದ್ದರೆ ಆ ದೇಶದಲ್ಲಿ ದೀಪ ಹಚ್ಚಲೂ ಯಾರೂ ಉಳಿಯುತ್ತಿರಲಿಲ್ಲ.

ಅಪ್ಪ ನೋಡಲೆಂದು ಸತ್ಕಾರದ ಶಾಲು ಹೊದ್ದುಕೊಂಡೇ ಮನೆಗೆ ಬಂದೆ. ಅವರು ಪಡಸಾಲೆಯಲ್ಲಿ ಕುಳಿತು ದರ್ಭೆ ಹೆಣೆಯುತ್ತಿದ್ದರು.

"ಕೆಳಗ ಎಷ್ಟು ಮಂದಿ ಇದ್ರು?"

"ಸಾವಿರ ಅಂತ ಅಲ್ಲಿ ಭಾಷಣದಾಗ..."

"ಅವರನ್ನ ಕೇಳಲಿಲ್ಲ. ನಿನ್ನ ಕೇಳಿದೆ."

"ಗೊತ್ತಿಲ್ಲ, ಅಪ್ಪಾ."

ಅಪ್ಪ ಮತ್ತೆ ದರ್ಭೆಗೆ ತಿರುಗಿದರು. ನನಗೆ ಸಿಟ್ಟು ನೆತ್ತಿಗೇರಿತು. ಸಾಯದೆ ಬಂದ ಮಗನನ್ನು ಬಿಟ್ಟು ಸತ್ತವರನ್ನು ವಿಚಾರಿಸುವ ತಂದೆ ನನಗೇ ಗಂಟುಬೀಳಬೇಕೇ ಎಂದುಕೊಂಡು, ಶಾಲನ್ನು ಮಡಿಸದೆ ಮೂಲೆಗೆ ಒಗೆದೆ.

ಅಮಾವಾಸ್ಯೆಯ ದಿನ ಮಲಪ್ರಭೆಯ ದಂಡೆಯಲ್ಲಿ ಅಪ್ಪ ತರ್ಪಣಕ್ಕೆ ಕುಳಿತರು. ತಂದೆ ಬದುಕಿರುವ ಮಗ ಪಿತೃಗಳಿಗೆ ತರ್ಪಣ ಬಿಡುವಂತಿಲ್ಲ. ಅದಕ್ಕೆ ನಾನು ತಂಬಿಗೆ ಹಿಡಿದು ನೀರು ಹಾಕುವ ಕೆಲಸಕ್ಕೆ ನಿಂತೆ. ಅಜ್ಜ, ಮುತ್ತಜ್ಜ, ಅಜ್ಜಿಯರು, ಎಲ್ಲರದೂ ಮುಗಿಯಿತು. ಅಪ್ಪ ಏಳಲಿಲ್ಲ. ಮತ್ತೆ ಎಳ್ಳು ತೆಗೆದುಕೊಂಡು ಅಂಗೈ ಒಡ್ಡಿದರು. ಹೆಸರಿಲ್ಲ, ಗೋತ್ರವಿಲ್ಲ, ಒಂದರ ಹಿಂದೊಂದು ಬಿಡುತ್ತಲೇ ಹೋದರು.

"ಇವು ಯಾರವು, ಅಪ್ಪಾ?"

"ನಿನ್ನವು. ನಾ ಇರೂತನಕ ನಿನಗ ಬಿಡ್ಲಿಕ್ಕೆ ಬರೂದಿಲ್ಲ. ಅದಕ್ಕ ನಾ ಬಿಡ್ತೀನಿ."

ನಾನು ನೀರು ಹಾಕಿದೆ. ಸ್ವಲ್ಪ ಹೊತ್ತಿಗೆ ಅಪ್ಪ, "ತಂಬಿಗಿ ನೆಟ್ಟಗ ಹಿಡಿ" ಎಂದರು. ಗುಂಡಿನ ನಡುವೆ ವಿಮಾನ ಅಲುಗದಂತೆ ಹಿಡಿದವನ ನೀರು ಅಂಗೈ ತಪ್ಪಿ ಆಚೆ ಬೀಳುತ್ತಿತ್ತು.

ಆಮೇಲೆ ಪ್ರತಿ ವರ್ಷವೂ ಹಾಗೇ ಮಾಡಿದರು. ಶಾಬಾಸ್ ಮಾತ್ರ ಕೊನೆತನಕ ಹೇಳಲಿಲ್ಲ.

ಅಪ್ಪ ಹೋಗಿ ಬಹಳ ವರ್ಷಗಳಾದವು. ಈಗ ನಾನೇ ತರ್ಪಣ ಬಿಡುತ್ತೇನೆ, ಮೊದಲು ಅಪ್ಪನಿಗೆ, ಆಮೇಲೆ ಆ ರೈಲು ಯಾರ್ಡಿನವರಿಗೆ. ನೆಟ್ಟಗೆ ಕೂಡುವುದು ಈಗ ಚೆನ್ನಾಗಿ ಬಂದಿದೆ. ಎಷ್ಟು ಮಂದಿ ಎಂಬುದು ಮಾತ್ರ ಇವತ್ತಿಗೂ ಗೊತ್ತಿಲ್ಲ. ಹಾಗಾಗಿ ಎಲ್ಲಿಗೆ ನಿಲ್ಲಿಸಿ ಏಳಬೇಕೆಂದೂ ತಿಳಿಯುವುದಿಲ್ಲ.